ಯಂತ್ರ ಕೂಗಿದ ಜಾಗ

ನಮ್ಮ ಡೊಂಬಿವಲಿ ಫ್ಲಾಟಿನ ಲಾಫ್ಟಿನಲ್ಲಿ, ಹಳೇ ಸೂಟ್‌ಕೇಸು ಮತ್ತು ಗಣಪತಿ ಮಂಟಪದ ಥರ್ಮಾಕೋಲಿನ ನಡುವೆ, ಉದ್ದನೆಯ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಮೆಟಲ್ ಡಿಟೆಕ್ಟರ್ ಇದೆ. ಮಾಲ್ ಬಾಗಿಲಲ್ಲಿ ಕಾವಲುಗಾರ ನಮ್ಮ ಹೊಟ್ಟೆಯ ಮೇಲೆ ಆಡಿಸುತ್ತಾನಲ್ಲ, ಅಂಥದ್ದಲ್ಲ. ಊರುಗೋಲಿನಷ್ಟು ಉದ್ದದ ಕೋಲು, ತುದಿಯಲ್ಲಿ ಊಟದ ತಟ್ಟೆಯಂಥ ಕಪ್ಪು ಚಕ್ರ, ಕೈ ಹಿಡಿಯುವಲ್ಲಿ ಒಂದು ಸಣ್ಣ ಪರದೆ. ನೆಲದ ಮೇಲೆ ಅಂಗೈಯಷ್ಟು ಎತ್ತರದಲ್ಲಿ ಅದನ್ನು ತೂಗುತ್ತಾ ನಡೆದರೆ ಮಣ್ಣಿನೊಳಗಿನ ನಾಣ್ಯ ಕೂಗುತ್ತದೆ. ಬ್ಯಾಟರಿ ತೆಗೆದಿಟ್ಟು ಒಂದೂವರೆ ವರ್ಷವಾಯಿತು. ದೀಪಾವಳಿಗೆ ಮನೆ ಒರೆಸುವಾಗಲೆಲ್ಲ ನನ್ನ ಹೆಂಡತಿ ‘ಇದನ್ನ ಕಬಾಡಿಗೆ ಕೊಡ್ಲಾ?’ ಎಂದು ಕೇಳುತ್ತಾಳೆ. ನಾನು ಕೇಳಿಸದವನಂತೆ ಇರುತ್ತೇನೆ.

ಆ ಯಂತ್ರ ನನಗೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಮಗ ಸಫೋಕ್ ಪ್ರಾಂತದ ಇಪ್ಸ್‌ವಿಚ್ ಹತ್ತಿರ ಇದ್ದಾನೆ. ನಿವೃತ್ತಿಯಾದ ಮರುವರ್ಷ, 2023ರಲ್ಲಿ, ಮೂರು ತಿಂಗಳು ಅವನ ಮನೆಯಲ್ಲಿದ್ದೆವು. ಅಲ್ಲಿಗೆ ಹೋದ ಅಪ್ಪ ಅಮ್ಮಂದಿರ ಪಾಡು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕಿಟಕಿಯಲ್ಲಿ ನಿಂತು ಅಳಿಲು ಎಣಿಸಬೇಕು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕರಿದ್ದರು. ಪ್ರತಿ ಶನಿವಾರ ಗಂಬೂಟು ಹಾಕಿ, ಹೆಗಲಿಗೆ ಸಣ್ಣ ಸಲಿಕೆ, ಕೈಯಲ್ಲಿ ಈ ಕೋಲು ಹಿಡಿದು ಹೊರಡುತ್ತಿದ್ದರು. ಮೂರನೇ ಶನಿವಾರ ‘ಬರ್ತೀರಾ?’ ಎಂದರು. ಅಳಿಲಿಗಿಂತ ವಾಸಿ ಎಂದು ಹೊರಟೆ.

ಆ ನಾಡಿನಲ್ಲಿ ಇದು ದೊಡ್ಡ ಹವ್ಯಾಸ. ನಮ್ಮಲ್ಲಿ ಭಾನುವಾರ ಕ್ರಿಕೆಟ್ ಆಡುವ ಹಾಗೆ ಅಲ್ಲಿ ಜನ ಗದ್ದೆಯಲ್ಲಿ ನಾಣ್ಯ ಹುಡುಕುತ್ತಾರೆ. ಸಂರಕ್ಷಿತ ಸ್ಥಳಗಳಲ್ಲಿ ಯಂತ್ರ ಆಡಿಸುವಂತಿಲ್ಲ. ಉಳಿದ ಕಡೆ ಹೊಲದ ಯಜಮಾನನ ಒಪ್ಪಿಗೆ ಬೇಕು. ನಮ್ಮ ಮುದುಕರು ಒಬ್ಬ ರೈತನ ಹೊಲದಲ್ಲಿ ಇಪ್ಪತ್ತು ವರ್ಷದಿಂದ ನಡೆಯುತ್ತಿದ್ದರು, ಕ್ರಿಸ್ಮಸ್ಸಿಗೆ ಅವನಿಗೊಂದು ಬಾಟಲಿ ಕೊಡುತ್ತಿದ್ದರು. ಗೋಧಿ ಕೊಯ್ದು ಕೂಳೆ ಉಳಿದ ಹೊಲ, ತಂಪು ಗಾಳಿ, ದೂರದಲ್ಲಿ ಚರ್ಚಿನ ಗೋಪುರ. ಯಂತ್ರದ ಚಕ್ರದೊಳಗಿನ ತಂತಿ ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ತು ಸುಳಿಯಾಗಿ ಹುಟ್ಟುತ್ತದೆ, ಇನ್ನೊಂದು ಸುರುಳಿ ಅದನ್ನು ಹಿಡಿದು ಶಬ್ದ ಮಾಡುತ್ತದೆ. ಕಬ್ಬಿಣಕ್ಕೆ ಕಪ್ಪೆಯಂಥ ತಗ್ಗು ದನಿ. ಬೆಳ್ಳಿ, ತಾಮ್ರಕ್ಕೆ ಹಕ್ಕಿಯಂಥ ಏರುದನಿ. ನಾಣ್ಯವಾದರೆ ಒಂದು ಗೇಣು ಆಳದವರೆಗೆ ಗೊತ್ತಾಗುತ್ತದೆ, ಅದಕ್ಕಿಂತ ಕೆಳಗಿದ್ದರೆ ಕಷ್ಟ. ಮುದುಕರು ಎರಡು ಎಚ್ಚರಿಕೆ ಕೊಟ್ಟರು. ಕೋಕಾಕೋಲಾ ಡಬ್ಬಿಯ ಕಿವಿ ಮತ್ತು ಒಳ್ಳೆಯ ನಾಣ್ಯ ಎರಡೂ ಒಂದೇ ಥರ ಕೂಗಬಹುದು. ಮತ್ತು ದೊಡ್ಡ ಕಬ್ಬಿಣದ ತುಂಡು ಕೆಲವೊಮ್ಮೆ ಬೆಳ್ಳಿಯ ದನಿಯಲ್ಲಿ ಕೂಗಿ ಮೋಸ ಮಾಡುತ್ತದೆ. ಈ ಎರಡನೆಯದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಂಡಿದ್ದೆ, ಅದೇ ಸಮಸ್ಯೆ.

ಮೂರು ಗಂಟೆಯಲ್ಲಿ ನನಗೆ ಸಿಕ್ಕಿದ್ದು ಬಂದೂಕಿನ ತೋಟಾದ ಹಿತ್ತಾಳೆ ತಳ ಒಂಬತ್ತು, ಟ್ರ್ಯಾಕ್ಟರಿನ ನಟ್ಟು ಒಂದು, ಸೀಸದ ಗುಂಡು ಒಂದು. ನಾಲ್ಕನೇ ಶನಿವಾರ ಮಾತ್ರ ಹಕ್ಕಿ ಕೂಗಿತು. ಮಣ್ಣು ಒಡೆದರೆ ಬೆರಳುಗುರಿನಷ್ಟು ಅಗಲದ ತ್ರಿಕೋನ. ಬಿಸ್ಕತ್ತಿನ ತಗಡೆಂದು ಎಸೆಯಲು ಹೊರಟಿದ್ದೆ, ಮುದುಕರು ‘ನಿಲ್ಲಿ!’ ಎಂದು ಕೂಗಿದರು. ಅದು ಮೂರನೇ ಹೆನ್ರಿಯ ಕಾಲದ ಬೆಳ್ಳಿ ಪೆನ್ನಿಯ ಕಾಲು ಭಾಗ. 1247ರಿಂದ ಆ ಪೆನ್ನಿಗಳ ಹಿಂಬದಿಯಲ್ಲಿ ಅಂಚಿನಿಂದ ಅಂಚಿಗೆ ಉದ್ದನೆಯ ಶಿಲುಬೆ ಇರುತ್ತಿತ್ತು. ಚಿಲ್ಲರೆ ಬೇಕಾದಾಗ ಜನ ಆ ಗೆರೆಯ ಮೇಲೆ ನಾಣ್ಯವನ್ನೇ ಕತ್ತರಿಸಿ ಅರ್ಧ, ಕಾಲು ಮಾಡಿಕೊಳ್ಳುತ್ತಿದ್ದರು. 1279ರಲ್ಲಿ ಮೊದಲನೇ ಎಡ್ವರ್ಡ್ ದುಂಡನೆಯ ಚಿಲ್ಲರೆ ಅಚ್ಚು ಹಾಕಿಸುವ ತನಕ ಇದೇ ಪದ್ಧತಿ. ಕಾಲು ಭಾಗ ಎಂದಾಗ ನನಗೆ ನಮ್ಮ ‘ಹಾಗ’ ನೆನಪಾಯಿತು. ಹಳೆಯ ಲೆಕ್ಕದಲ್ಲಿ ಕಾಲು ಹಣಕ್ಕೆ ಹಾಗ ಎನ್ನುತ್ತಿದ್ದರಲ್ಲ. ಏಳೂವರೆ ಶತಮಾನದ ಹಿಂದೆ ಯಾರೋ ರೊಟ್ಟಿ ಕೊಳ್ಳಲು ಇಟ್ಟುಕೊಂಡಿದ್ದ ಹಾಗ ನನ್ನ ಅಂಗೈಯಲ್ಲಿತ್ತು.

ಮುದುಕರು ನಾಣ್ಯಕ್ಕಿಂತ ಹೆಚ್ಚು ಗಮನ ಕೊಟ್ಟದ್ದು ಆ ಗುಂಡಿಗೆ. ಫೋನಿನಲ್ಲಿ ಅಕ್ಷಾಂಶ ರೇಖಾಂಶ ನೋಡಿದರು, ಆಳವನ್ನು ಸಲಿಕೆಯಿಂದ ಅಳೆದರು, ಚೀಟಿ ಬರೆದು ಪ್ಲಾಸ್ಟಿಕ್ ಚೀಲದೊಳಗೆ ಹಾಕಿದರು, ಗುಂಡಿ ಮುಚ್ಚಿ ಮೇಲೆ ತುಳಿದರು. ಅಲ್ಲಿ 1997ರಿಂದ ಒಂದು ದಾಖಲೆ ಯೋಜನೆ ಇದೆ. ಜನ ತಮಗೆ ಸಿಕ್ಕಿದ್ದನ್ನು ಜಿಲ್ಲೆಯ ಅಧಿಕಾರಿಗೆ ತೋರಿಸುತ್ತಾರೆ, ಅವರು ಫೋಟೋ ತೆಗೆದು, ಸಿಕ್ಕ ಜಾಗ ಬರೆದುಕೊಂಡು, ವಸ್ತುವನ್ನು ಸಾಮಾನ್ಯವಾಗಿ ವಾಪಸು ಕೊಡುತ್ತಾರೆ. ಹೀಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ನಿಧಿ ಎನ್ನುವಂಥದ್ದು ಸಿಕ್ಕರೆ ಮಾತ್ರ ಬೇರೆ ಕಾನೂನು, 14 ದಿನದೊಳಗೆ ತಿಳಿಸಲೇಬೇಕು. ‘ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ನಾಣ್ಯ ಬರೀ ಲೋಹ’ ಎಂದರು ಮುದುಕರು.

ಮುಂದಿನ ವಾರ ಮಗ ನಮ್ಮನ್ನು ಲಂಡನ್ನಿಗೆ ಕರೆದುಕೊಂಡು ಹೋದಾಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಹಾಕ್ಸ್‌ನ್ ನಿಧಿ ನೋಡಿದೆ. ಅದೂ ಸಫೋಕಿನದೇ. 1992ರ ನವೆಂಬರಿನಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಬಂದರು. ತೋಟದ ಕೆಲಸದಿಂದ ನಿವೃತ್ತರಾದವರು, ನಿವೃತ್ತಿಗೆ ಬಂದ ಉಡುಗೊರೆಯೇ ಅವರ ಡಿಟೆಕ್ಟರ್. ಸುತ್ತಿಗೆಯ ಬದಲು ರೋಮನ್ನರ ಚಿನ್ನ, ಬೆಳ್ಳಿ ಸಿಕ್ಕಿತು. ಸುಮಾರು 15 ಸಾವಿರ ನಾಣ್ಯ, ಚಮಚಗಳು, ಚಿನ್ನದ ಸರ. ಆದರೆ ಆ ಮನುಷ್ಯ ಮಾಡಿದ ದೊಡ್ಡ ಕೆಲಸವೆಂದರೆ ಸ್ವಲ್ಪ ಅಗೆದ ಕೂಡಲೇ ನಿಲ್ಲಿಸಿದ್ದು. ಪುರಾತತ್ವದವರು ಬಂದು ಮಿಕ್ಕಿದ್ದನ್ನು ನಿಧಾನವಾಗಿ ತೆಗೆದರು. ಅದಕ್ಕೇ ಪೆಟ್ಟಿಗೆ ಓಕ್ ಮರದ್ದು, ಒಳಗೆ ಯಾವುದರ ಮೇಲೆ ಯಾವುದನ್ನು ಜೋಡಿಸಿದ್ದರು ಎನ್ನುವುದೆಲ್ಲ ಗೊತ್ತಾಯಿತು. ಬಹುಮಾನ 17.5 ಲಕ್ಷ ಪೌಂಡು, ಅದನ್ನು ಅವರು ರೈತನೊಂದಿಗೆ ಹಂಚಿಕೊಂಡರು. ಆ ಸುತ್ತಿಗೆಯೂ ಆಮೇಲೆ ಸಿಕ್ಕಿತು, ಈಗ ಮ್ಯೂಸಿಯಮ್ಮಿನ ಆಸ್ತಿ! ನನ್ನ ಹೆಂಡತಿಗೆ ಚಿನ್ನಕ್ಕಿಂತ ಸುತ್ತಿಗೆಯ ಕತೆಯೇ ಇಷ್ಟವಾಯಿತು.

ಅಲ್ಲಿಯವರೆಲ್ಲ ಸಾಚಾ ಎಂದು ತಿಳಿಯಬೇಡಿ. ರಾತ್ರಿ ಕದ್ದು ಅಗೆಯುವವರಿಗೆ ‘ನೈಟ್‌ಹಾಕ್’ ಎಂಬ ಹೆಸರೇ ಇದೆ. 2015ರಲ್ಲಿ ಲೆಮ್‌ಸ್ಟರ್ ಊರಿನ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿ, ತಿಳಿಸದೆ ಮಾರಲು ಹೊರಟು, 2019ರಲ್ಲಿ ಜೈಲಿಗೆ ಹೋದರು. ಸುಮಾರು 300 ನಾಣ್ಯಗಳಲ್ಲಿ ಮೂವತ್ತರಷ್ಟು ಮಾತ್ರ ವಾಪಸು ಬಂದವು. ಆ ಮೂವತ್ತರಲ್ಲೇ ಕೆಲವದರ ಮೇಲೆ ಇಬ್ಬರು ರಾಜರು ಅಕ್ಕಪಕ್ಕ ಕೂತಿದ್ದಾರೆ, ವೆಸೆಕ್ಸಿನ ಆಲ್ಫ್ರೆಡ್ ಮತ್ತು ಮರ್ಸಿಯದ ಎರಡನೇ ಕಿಯೋಲ್ವುಲ್ಫ್ ಮಿತ್ರರಾಗಿದ್ದರೆಂದು ಹೇಳುವ ನಾಣ್ಯಗಳು. ಕಳೆದುಹೋದವು ಇನ್ನೇನು ಹೇಳುತ್ತಿದ್ದವೋ!

ಇದನ್ನೆಲ್ಲ ಕೇಳುವಾಗ ನನಗೆ ಒಳಗೊಳಗೇ ಚುಚ್ಚುತ್ತಿದ್ದುದು ಚಂದ್ರವಳ್ಳಿ. ನಮ್ಮೂರು ಚಿತ್ರದುರ್ಗದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ರಜೆಗೆ ದುರ್ಗದ ಸೋದರಮಾವನ ಮನೆಗೆ ಹೋದರೆ ಮಳೆ ನಿಂತ ಮರುದಿನ ಹುಡುಗರೆಲ್ಲ ಚಂದ್ರವಳ್ಳಿ ಕಡೆ ಓಡುತ್ತಿದ್ದೆವು. ಕೆರೆಯ ಸುತ್ತಿನ ಮಣ್ಣು ತೊಳೆದುಹೋಗಿ ಮಡಕೆ ಚೂರು, ಮಣಿ ಮೇಲೆ ಬರುತ್ತಿದ್ದವು. ಒಮ್ಮೆ, ನನಗೆ ಒಂಬತ್ತು ವರ್ಷ, ಕಪ್ಪನೆಯ ದಪ್ಪ ಬಿಲ್ಲೆಯೊಂದು ಸಿಕ್ಕಿತು. ಒರೆಸಿದರೆ ಗೂಳಿಯ ಬೆನ್ನಿನಂಥ ಒಂದು ಉಬ್ಬು. ಗಾತ್ರಕ್ಕೆ ಮೀರಿದ ಭಾರ. ಬೆಳ್ಳಿಯಲ್ಲ, ತಾಮ್ರವಲ್ಲ, ಸೀಸ ಎಂದು ತಿಳಿದಾಗ ನಮಗೆಲ್ಲ ನಿರಾಸೆ. ಸೀಸ ಒಲೆಯ ಕೆಂಡಕ್ಕೇ ಕರಗುತ್ತದೆ. ಮಾವನ ಮಗ ಅದನ್ನು ಹಳೇ ಸೌಟಿನಲ್ಲಿ ಕರಗಿಸಿ ಗಾಳಕ್ಕೆ ಗುಂಡು ಮಾಡಿಕೊಂಡ. ಆ ಸಂಜೆ ಎರಡು ಕುಚ್ಚು ಮೀನು ಹಿಡಿದೆವು, ಅದೂ ನೆನಪಿದೆ.

ಕಾಲೇಜಿಗೆ ಬಂದ ಮೇಲೆ ಓದಿದೆ. ಶಾತವಾಹನರ ಕಾಲದಲ್ಲಿ ಇಲ್ಲಿ ಸೀಸದ ನಾಣ್ಯ ಚಲಾವಣೆಯಲ್ಲಿತ್ತು. ಚಂದ್ರವಳ್ಳಿಯಲ್ಲಿ ‘ಸದಕಣ ಕಳಲಾಯ ಮಹಾರಠಿ’ ಎಂಬ ಹೆಸರಿನ, ಗೂಳಿ ಗುರುತಿನ ಸೀಸದ ನಾಣ್ಯಗಳು ಸಿಕ್ಕಿವೆ. ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲೂ ಅಗೆದರು. ರೋಮಿನ ಆಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳು ನಮ್ಮ ದುರ್ಗದ ಮಣ್ಣಿನಲ್ಲಿ! ಯಾವ ಪದರದಲ್ಲಿ ಯಾವ ನಾಣ್ಯ, ಅದರ ಜೊತೆಗೆ ಯಾವ ಮಡಕೆ ಎಂದು ನೋಡಿಯೇ ಆ ಊರಿನ ವಯಸ್ಸು ಲೆಕ್ಕ ಹಾಕಿದ್ದು. ನಮ್ಮ ಗಾಳದ ಗುಂಡು ಯಾವ ಮಹಾರಠಿಯದೋ, ಕೆರೆಯ ಕೆಸರಿನಲ್ಲಿ ಎಲ್ಲೋ ಕಿತ್ತುಹೋಯಿತು.

ವಾಪಸು ಹೊರಡುವಾಗ ಮುದುಕರು ತಮ್ಮ ಹಳೆಯ ಯಂತ್ರವನ್ನೇ ನನಗೆ ಕೊಟ್ಟುಬಿಟ್ಟರು.

ಮುಂಬೈಯಲ್ಲಿ ಅದರ ಪ್ರತಾಪ ಹೆಚ್ಚು ದಿನ ನಡೆಯಲಿಲ್ಲ. ಗಣೇಶ ವಿಸರ್ಜನೆಯಾದ ಮೇಲೆ ಒಂದು ಬೆಳಗಿನ ಜಾವ ಜುಹು ಕಡಲತೀರಕ್ಕೆ ಹೋದೆ. ಒದ್ದೆ ಉಪ್ಪು ಮರಳೇ ವಿದ್ಯುತ್ ಹರಿಸುವುದರಿಂದ ಯಂತ್ರ ಸುಮ್ಮಸುಮ್ಮನೆ ಕೂಗಿತು. ಒಣ ಮರಳಿಗೆ ಬಂದರೆ ಮಂಟಪದ ಮೊಳೆ, ಜರಿ ಕಾಗದ, ಮತ್ತೆ ಮೊಳೆ. ಒಂದು ರೂಪಾಯಿಯ ಸ್ಟೀಲ್ ನಾಣ್ಯಗಳು ಏಳೆಂಟು, ಆರು ಮೂಲೆಯ ಅಲ್ಯೂಮಿನಿಯಂ ಇಪ್ಪತ್ತು ಪೈಸೆ ಒಂದು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನದೆಲ್ಲ 2011ರ ಜೂನ್ 30ಕ್ಕೇ ಚಲಾವಣೆ ಕಳೆದುಕೊಂಡಿತಲ್ಲ, ಕಡಲು ಅದನ್ನು ಇನ್ನೂ ಇಟ್ಟುಕೊಂಡಿತ್ತು. ಅಷ್ಟರಲ್ಲಿ ಇಬ್ಬರು ಪೊಲೀಸರು ಬಂದು ‘ಕಾಕಾ, ಹೇ ಕಾಯ್?’ ಎಂದರು. ಬಾಂಬು ಹುಡುಕುವವನೋ ಇಡುವವನೋ ಎಂಬ ಅನುಮಾನ. ಇಪ್ಪತ್ತು ಪೈಸೆ ತೋರಿಸಿದೆ. ಇಬ್ಬರೂ ನಕ್ಕರು, ಚಹಾ ಕುಡಿಸಿದರು, ಇನ್ನು ತರಬೇಡಿ ಎಂದರು.

ಆಮೇಲೆ 2024ರ ಬೇಸಿಗೆಯಲ್ಲಿ ಜಾತ್ರೆಗೆ ಊರಿಗೆ ಹೋಗುವಾಗ ಯಂತ್ರವನ್ನು ಜೊತೆಗೆ ಒಯ್ದೆ. ಚಂದ್ರವಳ್ಳಿಗಲ್ಲ, ಅಲ್ಲಿ ಅದನ್ನು ಹೊರತೆಗೆಯುವುದೇ ತಪ್ಪು ಎಂಬ ತಿಳಿವಳಿಕೆ ಇತ್ತು. ಕಾನೂನೂ ಓದಿಕೊಂಡಿದ್ದೆ. 1878ರ ನಿಖಾತ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು, ಕರ್ನಾಟಕಕ್ಕೆ 1962ರ ಬೇರೆ ಕಾಯ್ದೆಯೇ ಇದೆ. ನನ್ನ ಆಸೆ ಸಣ್ಣದು. ನಮ್ಮದೇ ಹೊಲದಲ್ಲಿ, ಅಜ್ಜ ಕಣ ಮಾಡುತ್ತಿದ್ದ ಜಾಗದಲ್ಲಿ ಒಂದೆರಡು ಸುತ್ತು ನಡೆಯಬೇಕು. ಸಿಕ್ಕಿತು ಕೂಡ, 1957ರ ಒಂದು ನಯಾ ಪೈಸೆ. ಅಣ್ಣ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಅಜ್ಜ ಬಾರುಕೋಲಲ್ಲಿ ಹೊಡ್ದಿದ್ದು ಇದಕ್ಕೇನೋ. ನಾನೇ ಕಳ್ದಿದ್ದು’ ಎಂದು ನಕ್ಕ. ಅಲ್ಲಿಗೇ ಮನೆಗೆ ಹೋಗಬೇಕಿತ್ತು.

ಅಷ್ಟರಲ್ಲಿ ಹುಡುಗರು ಸೇರಿದ್ದರು, ಅವರ ಹಿಂದೆ ದೊಡ್ಡವರು. ಮುಂಬೈಯಿಂದ ವರ್ಷಕ್ಕೊಮ್ಮೆ ಬರುವವನಿಗೆ ಊರಿನಲ್ಲಿ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಮನೆ, ಮಳೆ, ರೇಟು ಎಲ್ಲದರಲ್ಲೂ ನಮಗೆ ಗೊತ್ತಿಲ್ಲದ ಮಾತೇ ಹೆಚ್ಚು. ಅವತ್ತು ಮಾತ್ರ ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಹೆಂಡತಿಯ ಕಾಲುಂಗುರ ನೆಲಕ್ಕಿಟ್ಟು ತೋರಿಸಿದೆ, ಹಕ್ಕಿ ಕೂಗಿತು. ಮೊಳೆ ಇಟ್ಟೆ, ಕಪ್ಪೆ ಕೂಗಿತು. ‘ಏರುದನಿ ಬಂದ್ರೆ ಬೆಳ್ಳಿ, ಬಂಗಾರ’ ಎಂದು ಪಾಠ ಮಾಡಿದೆ. ಬಂಗಾರದ ಮಾತು ಸುಳ್ಳು, ಸಣ್ಣ ಬಂಗಾರ ನಡುದನಿಯಲ್ಲಿ ಕೂಗುತ್ತದೆ. ಬಾಯಿಗೆ ಬಂತು, ಅಂದೆ.

ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇತ್ತು. ಎದೆಯೆತ್ತರ, ಮೂರು ಅಂಕಣ. ಕೆಳಗೆ ಕತ್ತಿ ಹಿಡಿದವನ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈ ಮುಗಿದು ಕೂತ ವೀರ. ಅಕ್ಷರ ಇಲ್ಲ, ಹೆಸರು ಗೊತ್ತಿಲ್ಲ. ನಮ್ಮ ಮನೆಯ ಹೆಂಗಸರು ಬಿತ್ತನೆಗೆ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಾರೆ. ಅದರ ಮುಂದೆ ಹಾದುಹೋಗುವಾಗ ಯಂತ್ರ ಜೋರಾಗಿ, ಅಗಲವಾಗಿ, ಏರುದನಿಯಲ್ಲಿ ಕೂಗಿತು. ನನಗೆ ಗೊತ್ತಾಯಿತು. ಅಷ್ಟು ಅಗಲದ ಸದ್ದು ನಾಣ್ಯದ್ದಲ್ಲ, ದೊಡ್ಡ ಕಬ್ಬಿಣದ್ದು. ಸಫೋಕಿನ ಮುದುಕರು ಹೇಳಿದ್ದೇ ಅದು. ಆದರೆ ಮೂವತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ‘ಏನೋ ದೊಡ್ಡದೇ ಇದೆ’ ಎಂದೆ. ಒಬ್ಬ ‘ಅಗಿಯಾಣ?’ ಎಂದ. ‘ಛೇ, ದೇವರ ಕಲ್ಲು, ಮುಟ್ಟಬಾರ್ದು’ ಎಂದು ಗಂಭೀರವಾಗಿ ಯಂತ್ರ ಆರಿಸಿದೆ. ಬಯಲುಸೀಮೆಯಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ನಿಧಿಯಾಸೆಗೆ ಬಸವಣ್ಣನ ವಿಗ್ರಹ ಕಿತ್ತಿದ್ದು, ಗರ್ಭಗುಡಿ ಅಗೆದದ್ದು ಕೇಳುತ್ತಲೇ ಬೆಳೆದವನು ನಾನು. ಮುಟ್ಟಬಾರದು ಅಂದರೆ ಅಲ್ಲಿ ಇದೆ ಎಂದೇ ಅರ್ಥ.

ಎರಡು ಅಮಾವಾಸ್ಯೆ ಕಳೆದ ಮೇಲೆ ಅಣ್ಣ ಫೋನ್ ಮಾಡಿದ. ಹೆಚ್ಚು ಮಾತಾಡಲಿಲ್ಲ. ‘ಒಂದ್ಸಲ ಬಂದ್ ಹೋಗು’ ಎಂದ.

ಆಳೆತ್ತರದ ಗುಂಡಿ. ಅಂಚಿನಲ್ಲಿ ಒಡೆದ ತೆಂಗಿನಕಾಯಿ, ಕೊಯ್ದ ನಿಂಬೆಹಣ್ಣು, ಅರಿಶಿನ. ಕಲ್ಲು ಮುಖ ಕೆಳಗಾಗಿ ಬಿದ್ದಿತ್ತು, ಎರಡು ಹೋಳು. ಹಾರೆ ಹಾಕಿ ಎತ್ತುವಾಗ ಒಡೆದಿರಬೇಕು. ಬಿರುಕು ನಡುವಿನ ಅಂಕಣದ ಮೇಲೆ ಹಾದಿತ್ತು, ಅಪ್ಸರೆಯರು ಒಂದು ಹೋಳಿನಲ್ಲಿ, ಅವರು ಹಿಡಿದಿದ್ದ ವೀರನ ಕಾಲು ಇನ್ನೊಂದರಲ್ಲಿ. ಗುಂಡಿಯಿಂದ ಎಸೆದ ಮಣ್ಣಿನ ಮೇಲೆ ಬಂಡಿ ಗಾಲಿಯ ಕಬ್ಬಿಣದ ಪಟ್ಟಿ, ಅರ್ಧ ಚಂದ್ರದ ಹಾಗೆ, ತುಕ್ಕು ಹಿಡಿದು ಬಿದ್ದಿತ್ತು. ‘ನೀನ್ ಹೇಳಿದ್ದು ಸರಿ. ದೊಡ್ಡದೇ ಇತ್ತು’ ಎಂದ ಅಣ್ಣ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ದೂರು ಕೊಟ್ಟೆವು. ಬಂದು ಫೋಟೋ ತೆಗೆದುಕೊಂಡು ಹೋದರು. ಯಾರ ಮೇಲಾದರೂ ಅನುಮಾನ ಇದೆಯೇ ಎಂದು ಕೇಳಿದರು. ಅಣ್ಣ ನನ್ನ ಕಡೆ ನೋಡಲಿಲ್ಲ. ನಾನು ಇಲ್ಲ ಎಂದೆ. ಯಂತ್ರದ ಸಂಗತಿ ಹೇಳಲಿಲ್ಲ. ಹೇಳಿದ್ದರೆ ಆ ದಿನ ಅಲ್ಲಿ ನಿಂತಿದ್ದ ಮೂವತ್ತು ಜನರ ಹೆಸರು ಬರೆಸಬೇಕಾಗುತ್ತಿತ್ತು, ಅದರಲ್ಲಿ ಹೆಚ್ಚಿನವರು ನಮ್ಮವರೇ, ಊರು ನಡುವೆ ಬಾಳಬೇಕಾದವನು ಅಣ್ಣ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಎಷ್ಟು ಅಣ್ಣನ ಚಿಂತೆ, ಎಷ್ಟು ನನ್ನ ಮರ್ಯಾದೆಯ ಚಿಂತೆ ಎಂದು ಈಗಲೂ ಬಿಡಿಸಿ ಹೇಳಲಾರೆ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಕಲ್ಲನ್ನು ಸಿಮೆಂಟು ಹಾಕಿ ಕೂಡಿಸೋಣ ಎಂದೆ. ಅತ್ತಿಗೆ ಬೇಡ ಎಂದರು. ಎರಡು ಹೋಳನ್ನೂ ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿದ್ದಾರೆ. ಈ ವರ್ಷ ಬಿತ್ತನೆಗೆ ಮೊದಲು ಎರಡಕ್ಕೂ ಬೇರೆ ಬೇರೆ ಕುಂಕುಮ ಹಚ್ಚಿದರಂತೆ. ಗುಂಡಿಯನ್ನು ನಾವು ಅವತ್ತೇ ಮುಚ್ಚಿದೆವು. ಕಲ್ಲು ಎಷ್ಟು ಆಳಕ್ಕೆ ಹೂತಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಬುಡದಲ್ಲಿ ಏನಾದರೂ ಇತ್ತೇ, ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ. ಸಲಿಕೆಯಿಂದ ಮಣ್ಣು ಎಳೆದು ತುಳಿಯುವುದಷ್ಟೇ ಆಗ ಹೊಳೆದದ್ದು.

ಹೋದ ತಿಂಗಳು ಸಫೋಕಿನ ಮುದುಕರಿಂದ ಈಮೇಲ್ ಬಂತು. ನನ್ನ ಕಾಲು ಪೆನ್ನಿ ದಾಖಲೆಗೆ ಸೇರಿದೆಯಂತೆ. ಫೋಟೋ, ತೂಕ, ಒಂದು ನಂಬರು, ಎಲ್ಲ ಕಳಿಸಿದ್ದಾರೆ. ಕೊನೆಯ ಸಾಲಿನಲ್ಲಿ ಕೇಳಿದ್ದಾರೆ, ‘ನಮ್ಮ ಹಳೇ ಯಂತ್ರ ನಿಮ್ಮೂರಲ್ಲಿ ಹೇಗೆ ಕೆಲಸ ಮಾಡ್ತಿದೆ? ಏನಾದರೂ ಸಿಕ್ಕಿತೇ?’

ಇನ್ನೂ ಉತ್ತರ ಬರೆದಿಲ್ಲ.